ಹೊಳೆ ಇಳೀತು, ನಷ್ಟ ಎಷ್ಟು ಅಂತ ಬರೆಯೋದು ಹೇಗೆ?

ಹೊಳೆ ದಂಡಿ · ಅಕ್ಟೋಬರ್ 14, 2025, ರಾತ್ರಿ 9:40

ಎಲ್ಲರಿಗೂ ಶರಣು. ನಮ್ಮದು ಕಲಬುರಗಿ ಜಿಲ್ಲೆ, ಭೀಮಾ ನದಿ ಮಗ್ಗುಲಲ್ಲೇ ಊರು. 2020ರ ಅಕ್ಟೋಬರ್‌ನಲ್ಲಿ ಒಮ್ಮೆ ಮುಳುಗಿದ್ದೆವು. ಈ ವರ್ಷ ಸೆಪ್ಟೆಂಬರ್ ಕೊನೆಗೆ ಮತ್ತೆ. ಮೇಲಿಂದ ಮಹಾರಾಷ್ಟ್ರದ ಉಜನಿ ಡ್ಯಾಮಿನ ನೀರು, ಸೀನಾ ಹೊಳೆ ನೀರು, ಜೊತೆಗೆ ಇಲ್ಲಿನ ಮಳೆ. ಎಲ್ಲಾ ಕೂಡಿ ಹೊಲಕ್ಕೇ ಬಂತು.

4 ಎಕರೆ ತೊಗರಿ ಐದು ದಿನ ನೀರಲ್ಲಿತ್ತು. ನೀರು ಇಳಿದ ಮೇಲೆ ದೂರದಿಂದ ನೋಡಿದರೆ ಏನೂ ಆಗಿಲ್ಲ ಅನ್ನಿಸುತ್ತೆ, ಗಿಡ ನಿಂತೇ ಇದೆ. ಹತ್ತಿರ ಹೋಗಿ ಒಂದು ಗಿಡ ಕಿತ್ತೆ. ಬೇರಿನ ಸಿಪ್ಪೆ ಬೆರಳಿಗೇ ಸುಲಿದು ಬಂತು, ಕೊಳೆತ ವಾಸನೆ. ಎರೆ ಭೂಮಿ, ನೀರು ಬೇಗ ಇಂಗಲ್ಲ, ನಿಮಗೆಲ್ಲ ಗೊತ್ತಿರೋದೇ.

ಮೊನ್ನೆ ಸಮೀಕ್ಷೆಯವರು ಬಂದರು. ಸರ್ವೇ ನಂಬರ್, ಬೆಳೆ, ಎಷ್ಟು ಎಕರೆ. ಒಂದು ಫೋಟೊ. ಹತ್ತು ನಿಮಿಷ. ಅವರದ್ದೇನೂ ತಪ್ಪಿಲ್ಲ, ದಿನಕ್ಕೆ ಎಷ್ಟು ಹೊಲ ತಿರುಗಬೇಕೋ. ಆದರೆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮಗನ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ನಾನೇ ಲೆಕ್ಕ ಬರೆಯಲು ಕೂತೆ.

ತೊಗರಿ ಎಕರೆಗೆ 4 ಕ್ವಿಂಟಲ್ ಅಂದರೆ 16 ಕ್ವಿಂಟಲ್. ಹೋದ ಸಲ ನಾನು ಮಾರಿದ್ದು 7,100ಕ್ಕೆ. ಅದು 1,13,600 ಆಯ್ತು. ಬೀಜ, ಗೊಬ್ಬರ, ಎಡೆ ಹೊಡೆದದ್ದು, ಕಳೆ, ಎರಡು ಸಲ ಔಷಧ ಸೇರಿ ಇಲ್ಲಿವರೆಗೆ ಹಾಕಿದ್ದು 36,400. ಹೊಳೆಗೆ ಇಟ್ಟ ಮೋಟರ್ ಮುಳುಗಿದೆ, ಹೊಸದಕ್ಕೆ 38,000. ಕೊಟ್ಟಿಗೆಯ ಹಿಂದಿನ ಗೋಡೆ ಬಿದ್ದಿದೆ, ಬ್ಲಾಕ್ ಇಟ್ಟು ಕಟ್ಟಿಸಿದರೆ 25,000. ಒಟ್ಟು 2,13,000.

ಹೆಂಡತಿ ನೋಡಿ "ಇಷ್ಟೇನಾ?" ಅಂದಳು. ತಮ್ಮ ನೋಡಿ "ಇಷ್ಟೊಂದಾ?" ಅಂದ. ಯಾರು ಸರಿ? ತಿಳಿದವರು ಹೇಳಿ.

ಹಳೇ ಕಾರಕೂನ · ಅಕ್ಟೋಬರ್ 14, ರಾತ್ರಿ 10:25

ತಮ್ಮಾ, ನಾನು ಕಂದಾಯ ಇಲಾಖೆಯಲ್ಲಿ ಕೂತು ಎದ್ದವನು, ಈಗ ಮನೆಯಲ್ಲಿದ್ದೇನೆ. ನಿನ್ನ ಲೆಕ್ಕ ಆಮೇಲೆ ನೋಡೋಣ. ಮೊದಲು ಸರ್ಕಾರದ ಲೆಕ್ಕ ತಿಳ್ಕೋ.

4 ಎಕರೆ ಅಂದರೆ 1.62 ಹೆಕ್ಟೇರ್. ವಿಪತ್ತು ಪರಿಹಾರ ನಿಧಿಯ ಕೇಂದ್ರದ ಮಾನದಂಡದಲ್ಲಿ ಖುಷ್ಕಿ (ಮಳೆ ನಂಬಿದ) ಬೆಳೆಗೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500. ಈ ಸಲ ರಾಜ್ಯ ಸರ್ಕಾರ ಮೇಲೆ 8,500 ಸೇರಿಸುವುದಾಗಿ ಹೇಳಿದೆ. ಅಂದರೆ ನಿನ್ನ ತೊಗರಿಗೆ ಹೆಕ್ಟೇರಿಗೆ 17,000. ಗುಣಿಸಿದರೆ 27,540 ರೂಪಾಯಿ. ಯಾರಿಗಾದರೂ ಎರಡು ಹೆಕ್ಟೇರ್ ಮಾತ್ರ. ಹತ್ತು ಎಕರೆ ಹೋದವನಿಗೂ ಐದು ಎಕರೆಯ ದುಡ್ಡೇ.

ಬೆಳೆ ಶೇ 33ಕ್ಕಿಂತ ಕಡಿಮೆ ಹಾಳಾಗಿದ್ದರೆ ಸೊನ್ನೆ. ಈ ಗೆರೆ ಮೊದಲು ಶೇ 50ಕ್ಕಿತ್ತು, 2015ರಲ್ಲಿ ಇಳಿಸಿದರು. ಆ ಹಳೇ ಗೆರೆಯ ಕಾಲದಲ್ಲಿ ಜನ ನಮ್ಮ ಮೇಲೆ ಎಷ್ಟು ಕೂಗಾಡುತ್ತಿದ್ದರು ಅಂತ ನನಗೇ ಗೊತ್ತು.

ಇನ್ನೊಂದು ಮಾತು. ಇದಕ್ಕೆ ಕಾಗದದ ಮೇಲೆ ಇರುವ ಹೆಸರೇ ಇನ್‌ಪುಟ್ ಸಬ್ಸಿಡಿ. ಮುಂದಿನ ಬಿತ್ತನೆಗೆ ಬೀಜ ಗೊಬ್ಬರಕ್ಕೆ ಕೈಗೆ ಏನಾದರೂ ಇರಲಿ ಅಂತ ಕೊಡೋದು. ಹೋದ ಬೆಳೆಯ ಬೆಲೆ ತುಂಬಿಕೊಡುತ್ತೇವೆ ಅಂತ ಅದರಲ್ಲಿ ಎಲ್ಲೂ ಬರೆದಿಲ್ಲ. ಜನ ಅದನ್ನೇ ನಷ್ಟ ಅಂದುಕೊಳ್ಳುತ್ತಾರೆ, ಪೇಪರಿನವರೂ ಹಾಗೇ ಬರೀತಾರೆ.

ಗೋಡೆ ವಿಷಯ: ವಾಸದ ಮನೆ ಶೇ 15 ಅಥವಾ ಅದಕ್ಕಿಂತ ಜಾಸ್ತಿ ಹಾಳಾಗಿದ್ದರೆ ಕೇಂದ್ರದ ಮಾನದಂಡದಲ್ಲಿ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. ಮೋಟರಿಗೆ ಆ ಪಟ್ಟಿಯಲ್ಲಿ ಸಾಲೇ ಇಲ್ಲ. ಹೊಲದಲ್ಲಿ ಮರಳು, ಹೂಳು ದಪ್ಪಗೆ ಕೂತಿದ್ದರೆ ತೆಗೆಸಲು ಹೆಕ್ಟೇರಿಗೆ 18,000 ಇದೆ, ಅದನ್ನು ಕೇಳೋದನ್ನು ಮರೀಬೇಡ. ಬಹಳ ಜನ ಮರೀತಾರೆ. ಹೊಳೆ ದಿಕ್ಕು ತಿರುಗಿ ಹೊಲವೇ ಕೊಚ್ಚಿಹೋಗಿದ್ದರೆ 47,000. ಒಂದು ಹೆಕ್ಟೇರ್ ಎರೆ ಭೂಮಿಗೆ!

ಸುಮ್ನೆ ಓದೋನು · ಅಕ್ಟೋಬರ್ 14, ರಾತ್ರಿ 10:51

ಬರೋದೇ 27 ಸಾವಿರ ಅಂದಮೇಲೆ 2,13,000 ಅಂತ ಬರೆದು ಏನು ಮಾಡೋದಿದೆ? ಸುಮ್ನೆ ತಲೆಬಿಸಿ.

ಮಾಸ್ತರ್ · ಅಕ್ಟೋಬರ್ 15, ಬೆಳಿಗ್ಗೆ 6:30

ಅರ್ಥಶಾಸ್ತ್ರ ಪಾಠ ಮಾಡೋನು ನಾನು. ಕಾಲೇಜಿಗೆ ಹೋಗೋಕೆ ಮುಂಚೆ ಬರೆದುಬಿಡ್ತೀನಿ, ಉದ್ದ ಆಗುತ್ತೆ, ತಾಳ್ಕೊಳ್ಳಿ.

ಹೊಳೆ ದಂಡಿ ಅವರೇ, ನಿಮ್ಮ ಲೆಕ್ಕದಲ್ಲಿ ಒಂದು ತಪ್ಪಿದೆ. ಬೇಜಾರಾಗಬೇಡಿ, ದೊಡ್ಡ ದೊಡ್ಡ ವರದಿಗಳಲ್ಲೂ ಇದೇ ತಪ್ಪು ನುಸುಳುತ್ತೆ. ನೀವು ಬೆಳೆಯ ಪೂರ್ತಿ ಬೆಲೆ 1,13,600 ಬರೆದಿರಿ. ಅದರ ಕೆಳಗೆ ಹಾಕಿದ ಖರ್ಚು 36,400 ಕೂಡಿಸಿದಿರಿ. ಆದರೆ ಬೆಳೆ ಬಂದಿದ್ದರೆ ಆ 36,400 ಎಲ್ಲಿಂದ ವಾಪಸ್ ಬರ್ತಿತ್ತು? ಅದೇ 1,13,600ರ ಒಳಗಿಂದ. ಒಂದೇ ದುಡ್ಡನ್ನು ಎರಡು ಸಲ ಎಣಿಸಿದ್ದೀರಿ.

ಇನ್ನೊಂದು ಕಡೆ ಬಿಟ್ಟಿದ್ದೂ ಇದೆ. ಬೆಳೆ ಉಳಿದಿದ್ದರೆ ಜನವರಿಯಲ್ಲಿ ಕೊಯ್ಲಿಗೆ, ರಾಶಿಗೆ, ಚೀಲಕ್ಕೆ, ಗಂಜ್ ಮಾರುಕಟ್ಟೆಗೆ ಸಾಗಿಸಲು ಖರ್ಚಾಗ್ತಿತ್ತಲ್ವಾ? ಈಗ ಅದು ಆಗೋದಿಲ್ಲ. ಅದನ್ನು ಕಳೀಬೇಕು. ನಿಮ್ಮ ಕಡೆ ಅದು ಎಷ್ಟು ಬೀಳುತ್ತೋ ಹೇಳಿ.

ಮೋಟರ್: ಎಷ್ಟು ವರ್ಷದ್ದು? ಹಳೇ ಮೋಟರ್ ಹೋದದ್ದಕ್ಕೆ ಹೊಸ ಮೋಟರಿನ ಬೆಲೆ ಬರೆದರೆ ನಷ್ಟ ಹಿಗ್ಗುತ್ತೆ. ಮುಳುಗಿದ ದಿನ ಅದನ್ನು ಮಾರಿದ್ದರೆ ಎಷ್ಟು ಬರ್ತಿತ್ತು, ಅದು ನಿಮ್ಮ ನಷ್ಟ. ಹೊಸದು ತರೋಕೆ ಬೇಕಾದ 38,000 ಬೇರೆ ಸಂಖ್ಯೆ, ಅದು ಮತ್ತೆ ಎದ್ದು ನಿಲ್ಲೋಕೆ ಬೇಕಾದ ದುಡ್ಡು. ಎರಡೂ ನಿಜ, ಒಂದೇ ಸಾಲಿನಲ್ಲಿ ಕೂಡಿಸಬಾರದು ಅಷ್ಟೇ. 2018ರ ನೆರೆ ನಂತರ ಕೇರಳದಲ್ಲಿ ಸರ್ಕಾರ, ವಿಶ್ವಸಂಸ್ಥೆ ಎಲ್ಲಾ ಸೇರಿ ಲೆಕ್ಕ ಹಾಕಿದಾಗ ಸುಮಾರು 31,000 ಕೋಟಿ ಅಂತ ಬಂತಲ್ಲ, ಅದು ಹಾಳಾದ ಆಸ್ತಿಯ ಬೆಲೆ ಅಲ್ಲ, ಪುನರ್ನಿರ್ಮಾಣಕ್ಕೆ ಬೇಕಾದ ಮೊತ್ತ. ಟಿವಿಯಲ್ಲಿ ಎರಡನ್ನೂ ಕಲಸಿ ಹೇಳ್ತಿದ್ದರು.

ನಷ್ಟವನ್ನು ಎರಡು ಗೂಡಲ್ಲಿ ಇಡೋದು ಈ ವಿದ್ಯೆಯ ಮೊದಲ ಪಾಠ. ಇದ್ದದ್ದು ಹಾಳಾಯಿತಾ? ಗೋಡೆ, ಮೋಟರ್, ಜೋಳದ ಚೀಲ, ಅದು ಒಂದು ಗೂಡು. ಬರಬೇಕಾದದ್ದು ನಿಂತಿತಾ? ಬೆಳೆ, ಹಾಲು, ಕೂಲಿ, ಅಂಗಡಿ ವ್ಯಾಪಾರ, ಅದು ಇನ್ನೊಂದು. 1972ರಲ್ಲಿ ನಿಕರಾಗುವಾ ದೇಶದ ಮನಾಗುವಾ ಊರು ಭೂಕಂಪಕ್ಕೆ ಬಿದ್ದಾಗ ಲ್ಯಾಟಿನ್ ಅಮೆರಿಕದ ವಿಶ್ವಸಂಸ್ಥೆ ಆಯೋಗದವರು ಶುರು ಮಾಡಿದ ಪದ್ಧತಿ ಇದು. ಮೊದಲನೇ ಗೂಡು ಫೋಟೊದಲ್ಲಿ ಬೀಳುತ್ತೆ. ಎರಡನೇದು ಬೀಳೋದಿಲ್ಲ.

ಸುಮ್ನೆ ಓದೋನು ಅವರಿಗೆ: ಬರೋ ದುಡ್ಡಿಗೆ ತಕ್ಕಂತೆ ನಷ್ಟ ಬರೆಯೋದಾದರೆ, ಪರಿಹಾರ ಕೊಡದ ವರ್ಷ ನಷ್ಟವೇ ಆಗಿಲ್ಲ ಅಂತ ಆಯ್ತಲ್ಲ.

ಹೊಳೆ ದಂಡಿ · ಅಕ್ಟೋಬರ್ 15, ಬೆಳಿಗ್ಗೆ 8:05

ಸರ್, ಎರಡು ಸಲ ಎಣಿಸಿದ್ದು ಈಗ ಕಾಣಿಸ್ತು. ಸೊಸೈಟಿ ಮುಂದೆ ನಿಂತು ಎಲ್ಲರಿಗೂ 2,13,000 ಅಂತ ಹೇಳಿಬಿಟ್ಟಿದ್ದೆ.

ಕೊಯ್ಲು, ರಾಶಿ, ಚೀಲ, ಟ್ರ್ಯಾಕ್ಟರ್ ಬಾಡಿಗೆ ಎಲ್ಲಾ ಸೇರಿ 13,000 ಆಗುತ್ತೆ. ಮೋಟರ್ 9 ವರ್ಷದ್ದು. ರಿಪೇರಿಯವನು ಹೇಳಿದ್ದು: ರಿವೈಂಡಿಂಗ್ ಮಾಡಿ ಬೇರಿಂಗ್ ಬದಲಿಸಿದರೆ 9,000ಕ್ಕೆ ಓಡುತ್ತೆ.

ಮಾಸ್ತರ್ · ಅಕ್ಟೋಬರ್ 15, ಬೆಳಿಗ್ಗೆ 8:12

ಹಾಗಿದ್ದರೆ ತೊಗರಿ ನಷ್ಟ 1,00,600. ಮೋಟರ್ ನಷ್ಟ 9,000. ರಿಪೇರಿ ಆಗೋದಕ್ಕೆ ಹೊಸದರ ಬೆಲೆ ಬರೆಯೋ ಹಾಗಿಲ್ಲ. ಆ ಹೊಲಕ್ಕೆ ಕಡಲೆ ಹಾಕೋಕೆ ಆಗುತ್ತಾ? ಹದ ಸಿಕ್ಕಿ ಕಡಲೆ ಬಂದರೆ ಅದರ ಲಾಭವನ್ನೂ ಕಳೀಬೇಕು.

ಹೊಳೆ ದಂಡಿ · ಅಕ್ಟೋಬರ್ 15, ಬೆಳಿಗ್ಗೆ 8:20

ಕಾಲಿಟ್ಟರೆ ಇನ್ನೂ ಮೊಣಕಾಲವರೆಗೆ ಹೋಗುತ್ತೆ ಸರ್. ನವೆಂಬರ್ ಮೊದಲ ವಾರಕ್ಕೆ ಹದ ಬಂದರೆ ನೋಡೋಣ.

ಹೈನದ ಮನೆ · ಅಕ್ಟೋಬರ್ 15, ಮಧ್ಯಾಹ್ನ 2:15

ನಿಮ್ಮ ಹೆಂಡತಿ "ಇಷ್ಟೇನಾ?" ಅಂದದ್ದು ಯಾಕೆ ಅಂತ ಒಬ್ಬರೂ ಕೇಳಲಿಲ್ಲ. ನಾನು ಹೇಳ್ತೀನಿ. ನಮ್ಮದೂ ದಂಡೆಯ ಊರೇ.

ನಮ್ಮ ಎಮ್ಮೆ ಉಳೀತು. ಎದೆಮಟ್ಟ ನೀರಲ್ಲಿ ಹಗ್ಗ ಹಿಡಿದು ಹೊಡಕೊಂಡು ಹೋಗಿ ಶಾಲೆಯ ಗುಡ್ಡದ ಮೇಲೆ ಕಟ್ಟಿದೆವು. ಎರಡು ರಾತ್ರಿ ಮೇವಿಲ್ಲ, ಮಳೆಯಲ್ಲೇ ನಿಂತಿತ್ತು. ಮೊದಲು ದಿನಕ್ಕೆ 5 ಲೀಟರ್ ಡೇರಿಗೆ ಹಾಕ್ತಿದ್ದೆ. ಈಗ 2 ಲೀಟರ್. ಕೆಚ್ಚಲು ಮುಟ್ಟಿದರೆ ಒದೆಯುತ್ತೆ, ಮೊದಲು ಹಾಗಿರಲಿಲ್ಲ. ಡಾಕ್ಟರು ತಿಂಗಳ ಮೇಲೆ ಬೇಕು ಅಂದಿದ್ದಾರೆ. 3 ಲೀಟರ್, 60 ರೂಪಾಯಿ, 45 ದಿನ. 8,100 ರೂಪಾಯಿ. ಎಮ್ಮೆ ಸತ್ತಿದ್ದರೆ 37,500 ಕೊಡ್ತಾರೆ. ಬದುಕಿ ಹಾಲು ಬಿಟ್ಟರೆ ಏನೂ ಇಲ್ಲ. ಸಾಯಲಿಲ್ಲ ಅಂತ ದೇವರಿಗೆ ಕಾಯಿ ಒಡೆಸಿದ್ದೀನಿ, ಅದೂ ಬೇರೆ ಖರ್ಚು.

ಜೋಳದ ಮೂರು ಚೀಲ ನೆನೆದವು. ಬಿಸಿಲಿಗೆ ಹಾಕಿದರೆ ಮೂರನೇ ದಿನಕ್ಕೆ ಮೊಳಕೆ. ಆ ಜೋಳ ನಾವು ಮಾರೋದಿಲ್ಲ, ಉಣ್ಣೋದು. ಅದಕ್ಕೇ ಗಂಡಸರ ಲೆಕ್ಕದಲ್ಲಿ ಅದು ಬರೋದಿಲ್ಲ, ಯಾಕಂದರೆ ಅದಕ್ಕೆ ಪಟ್ಟಿ ಇಲ್ಲ, ರಸೀದಿ ಇಲ್ಲ. ಆದರೆ ಈಗ ಪ್ರತಿ ವಾರ ಸಂತೆಯಲ್ಲಿ ದುಡ್ಡು ಕೊಟ್ಟು ತರ್ತಿದ್ದೀನಿ.

ನೆರೆ ಬಂದಾಗ ಸರ್ಕಾರ ತೆರೆಯೋ ಕಾಳಜಿ ಕೇಂದ್ರದಲ್ಲಿ ಆರು ದಿನ. ಅನ್ನ ಸಾರು ಕೊಟ್ಟರು, ಒಳ್ಳೆಯದೇ ನೋಡಿಕೊಂಡರು. ಆಮೇಲೆ ಮನೆಗೆ ಬಂದು ಕೆಸರು ತೆಗೆಯೋದೇ ಮೂರು ದಿನ. ಅಡುಗೆ ಮನೆಯ ಪರ್ಸಿ ಕಲ್ಲಿನ ಸಂದಿಯಲ್ಲಿ ಕೂತ ರಾಡಿ ಚಮಚದಲ್ಲಿ ಕೆರೆದು ತೆಗೆದಿದ್ದೀನಿ. ಆ ಒಂಬತ್ತು ದಿನ ನಾನು ಹತ್ತಿ ಬಿಡಿಸೋಕೆ ಹೋಗಬಹುದಿತ್ತು. ಆ ಕೂಲಿ ಯಾರ ಗೂಡಲ್ಲಿ ಇಡ್ತೀರಿ ಮಾಸ್ತರ್?

ಮಾಸ್ತರ್ · ಅಕ್ಟೋಬರ್ 15, ಸಂಜೆ 5:40

ಅಕ್ಕಾ, ಎರಡನೇ ಗೂಡಲ್ಲಿ. ಎರಡು ಮಾತಿಲ್ಲ. ದರ ಯಾವುದು ಹಾಕೋದು ಅನ್ನೋದೊಂದೇ ಪ್ರಶ್ನೆ. ನರೇಗಾ ಕೂಲಿ ಈ ವರ್ಷ ಕರ್ನಾಟಕದಲ್ಲಿ ದಿನಕ್ಕೆ 370, ಅದನ್ನೇ ಹಾಕಿ, ಯಾರೂ ತಕರಾರು ತೆಗೆಯೋದಿಲ್ಲ. ಮನೆಯಲ್ಲಿ ಉಣ್ಣೋ ಜೋಳಕ್ಕೆ ನೀವು ಈಗ ಸಂತೆಯಲ್ಲಿ ಕೊಡ್ತಿರೋ ಬೆಲೆಯನ್ನೇ ಹಾಕಬೇಕು, ಮಾರುವ ಬೆಲೆ ಅಲ್ಲ.

ಚಮಚದಲ್ಲಿ ಕೆರೆದದ್ದನ್ನು ನಾಳೆ ಕ್ಲಾಸಿನಲ್ಲಿ ಹೇಳಲೇ?

ಹೈನದ ಮನೆ · ಅಕ್ಟೋಬರ್ 15, ಸಂಜೆ 6:02

ಹೇಳಿ. ಹೆಸರು ಬೇಡ.

ಗಂಜ್ ಹುಡುಗ · ಅಕ್ಟೋಬರ್ 15, ರಾತ್ರಿ 8:30

ನಾನು ಕಲಬುರಗಿ ಗಂಜಿನಲ್ಲಿ ಅಡತ್ (ದಲ್ಲಾಳಿ) ಅಂಗಡಿಯಲ್ಲಿ ಲೆಕ್ಕ ಬರೀತೀನಿ. 7,100 ಅಂತ ಹಾಕಿದ್ದೀರಲ್ಲ ಅಣ್ಣಾ, ಅದು ಹೋದ ಸಲದ ರೇಟು. ಜನವರಿಗೆ ಏನಿರುತ್ತೋ ಯಾರಿಗೆ ಗೊತ್ತು? ಬೆಂಬಲ ಬೆಲೆ ಈ ವರ್ಷ 8,000. ಅದನ್ನು ಹಾಕಿದರೆ 16 ಕ್ವಿಂಟಲ್ಲಿಗೆ 1,28,000 ಆಗುತ್ತೆ. ಆದರೆ ಬೆಂಬಲ ಬೆಲೆಗೆ ಎಲ್ಲರ ಮಾಲೂ ಹೋಗಲ್ಲ, ನೋಂದಣಿ ಇದೆ, ಮಿತಿ ಇದೆ.

ಇಲ್ಲಿ ಜನ ಒಂದು ತಪ್ಪು ತಿಳ್ಕೊಂಡಿದ್ದಾರೆ. ಕಲಬುರಗಿ ತೊಗರಿ ಹೋಯ್ತು ಅಂದರೆ ರೇಟು ಏರುತ್ತೆ, ಉಳಿದವರಿಗಾದರೂ ಲಾಭ ಅಂತ. ಮೊದಲು ಹಾಗೇ ಆಗ್ತಿತ್ತು. ಈಗ ಮ್ಯಾನ್ಮಾರ್, ಮೊಜಾಂಬಿಕ್, ತಾಂಜಾನಿಯಾ, ಮಲಾವಿಯಿಂದ ಸುಂಕವಿಲ್ಲದೆ ತೊಗರಿ ಬರುತ್ತೆ, 2026ರ ಮಾರ್ಚ್‌ವರೆಗೆ ಬಿಟ್ಟಿದ್ದಾರೆ. ನಮ್ಮ ತೊಗರಿಗೆ 2019ರಲ್ಲೇ ಈ ನೆಲದ್ದೇ ಮಾಲು ಅಂತ ಗುರುತಿಸೋ ಜಿಐ ಟ್ಯಾಗ್ ಸಿಕ್ಕಿದೆ, ರುಚಿಯಲ್ಲಿ ಹೋಲಿಕೆಯೇ ಇಲ್ಲ ಬಿಡಿ, ಆದರೆ ಹೋಟೆಲಿನ ಸಾಂಬಾರಿಗೆ ಯಾರೂ ಟ್ಯಾಗ್ ನೋಡಿ ಬೇಳೆ ಹಾಕಲ್ಲ.

ಇನ್ನು ನಮ್ಮ ಕಡೆಯ ನಷ್ಟ ಯಾವ ಸಮೀಕ್ಷೆಯಲ್ಲೂ ಇಲ್ಲ. ಆವಕ ಕಡಿಮೆ ಆದರೆ ಹಮಾಲರಿಗೆ ಚೀಲದ ಮೇಲೆ ಬರೋ ಕೂಲಿ ಕಡಿಮೆ. ದಾಲ್ ಮಿಲ್ಲುಗಳು ವಾರಕ್ಕೆ ಮೂರು ದಿನ ಓಡ್ತಾವೆ. ಹೊಲಕ್ಕೆ ನೀರು ಬಂದದ್ದು ಸೆಪ್ಟೆಂಬರ್‌ನಲ್ಲಿ, ನಮಗೆ ಗೊತ್ತಾಗೋದು ಫೆಬ್ರುವರಿಗೆ.

ಹತ್ತಿ ಹೊಲ · ಅಕ್ಟೋಬರ್ 16, ಬೆಳಿಗ್ಗೆ 7:10

ಯಾದಗಿರಿ ಜಿಲ್ಲೆಯಿಂದ. ನಮಗೆ ಒಂದು ಕಡೆ ಭೀಮಾ, ಇನ್ನೊಂದು ಕಡೆ ಕೃಷ್ಣಾ. ಮಾಸ್ತರ್ ಹೇಳಿದ ಎರಡು ಗೂಡಿಗೂ ಸೇರದ್ದು ಒಂದಿದೆ. ಸುರಪುರ ತಾಲೂಕಿನ ನೀಲಕಂಠರಾಯನಗಡ್ಡಿ ಕೇಳಿದ್ದೀರಲ್ಲ, ಕೃಷ್ಣೆಯ ನಡುಗಡ್ಡೆ. ನಾರಾಯಣಪುರ ಡ್ಯಾಮಿನಿಂದ ಜಾಸ್ತಿ ನೀರು ಬಿಟ್ಟಾಗ ಅಲ್ಲಿನವರಿಗೆ ದಡಕ್ಕೆ ಬರೋ ದಾರಿ ಬಂದ್ ಆಗ್ತಿತ್ತು. ಒಂದು ಗೋಡೆಯೂ ಬಿದ್ದಿರಲ್ಲ. ಆದರೆ ಸಂತೆ ಇಲ್ಲ, ಆಸ್ಪತ್ರೆ ಇಲ್ಲ, ದಡದ ಮೇಲಿನ ಕೆಲಸಕ್ಕೆ ಹೋಗೋ ಹಾಗಿಲ್ಲ. ಹಾನಿ ಸೊನ್ನೆ, ಕಷ್ಟ ಪೂರ್ತಿ.

ಹಾಗೇ ನಮ್ಮ ಕಡೆ ಲಾವಣಿಗೆ (ಗುತ್ತಿಗೆಗೆ) ಹೊಲ ಮಾಡೋರು ಬಹಳ. ನಾನೂ ಒಬ್ಬ. ವರ್ಷದ ಲಾವಣಿ ದುಡ್ಡು ಮುಂಗಡ ಕೊಟ್ಟು, ಬೀಜ ಗೊಬ್ಬರ ಹಾಕಿ, ಹತ್ತಿ ಕಾಯಿ ಕೊಳೆತರೆ ಪರಿಹಾರ ಹೋಗೋದು ಪಹಣಿಯಲ್ಲಿ ಹೆಸರಿರೋರ ಖಾತೆಗೆ. ಹೊಲದ ಯಜಮಾನರು ಒಳ್ಳೆಯವರಾದರೆ ಅರ್ಧ ಕೊಡ್ತಾರೆ. ನಮ್ಮವರು ಬೆಂಗಳೂರಲ್ಲಿದ್ದಾರೆ, ಫೋನ್ ಎತ್ತಲ್ಲ.

ಹಳೇ ಕಾರಕೂನ · ಅಕ್ಟೋಬರ್ 16, ಬೆಳಿಗ್ಗೆ 7:45

ಲಾವಣಿ ವಿಷಯ ನಿಜ. ಪಹಣಿ, ರೈತರ ನೋಂದಣಿಯ ಫ್ರೂಟ್ಸ್ ಐಡಿ, ಆಧಾರ್ ಜೋಡಣೆಯಾದ ಖಾತೆ ನೋಡಿ ದುಡ್ಡು ಹಾಕೋದು. ಬಾಯಿ ಮಾತಿನ ಲಾವಣಿ ಅದರಲ್ಲಿ ಕಾಣಿಸೋದಿಲ್ಲ. ನಮ್ಮ ಕಾಲದಲ್ಲಿ ಪಂಚನಾಮೆ ಮಾಡುವಾಗ "ಸಾಗುವಳಿದಾರ ಬೇರೆ" ಅಂತ ಷರಾ ಬರೆಯುತ್ತಿದ್ದೆ. ಆ ಷರಾದಿಂದ ಯಾರಿಗೂ ಒಂದು ರೂಪಾಯಿ ಸಿಕ್ಕಿದ್ದು ನೋಡಿಲ್ಲ.

ಔರಾದ್ ಸೋಯಾ · ಅಕ್ಟೋಬರ್ 16, ಬೆಳಿಗ್ಗೆ 9:30

ಬೀದರ್ ಕಡೆಯಿಂದ ನಂದೊಂದು. ನಮ್ಮದು ಮುಳುಗಿದ್ದಲ್ಲ, ಮಾಂಜ್ರಾ ಹೊಳೆ ನಮ್ಮಿಂದ ದೂರ. ಸೋಯಾ ಕೊಯ್ಯೋ ಹೊತ್ತಿಗೆ ಬಿಡದೆ ಮಳೆ. ಕಾಯಿ ಒಳಗೇ ಕಾಳು ಕಪ್ಪಾಯ್ತು, ಕೆಲವು ಮೊಳಕೆ ಒಡೆದವು. ಎಕರೆಗೆ ಬಂದದ್ದು ಮಾಮೂಲಿ ತೂಕವೇ. ಅಂದರೆ ಲೆಕ್ಕದ ಪ್ರಕಾರ ಬೆಳೆ ನಷ್ಟವೇ ಇಲ್ಲ! ಆದರೆ ಮಾರುಕಟ್ಟೆಯಲ್ಲಿ ಮುಷ್ಟಿ ತೆಗೆದು ನೋಡಿದ ಖರೀದಿದಾರ ಚೆನ್ನಾಗಿರೋ ಮಾಲಿನ ಅರ್ಧ ರೇಟು ಹೇಳಿದ. ತೇವ ಅಂತ ಮತ್ತೆ ತೂಕದಲ್ಲೂ ಕಡಿತ. ಹೆಕ್ಟೇರ್ ಎಣಿಸೋರಿಗೆ ಇದು ಹೇಗೆ ಕಾಣಿಸುತ್ತೆ ಹೇಳಿ.

ಸುಮ್ನೆ ಓದೋನು · ಅಕ್ಟೋಬರ್ 16, ಬೆಳಿಗ್ಗೆ 10:05

ಇದಕ್ಕೆಲ್ಲ ಬೆಳೆ ವಿಮೆ ಇದೆಯಲ್ಲ? ಮುಂಗಾರಿಗೆ ರೈತ ಕಟ್ಟೋದು ವಿಮಾ ಮೊತ್ತದ ಶೇ 2 ಮಾತ್ರ. ವಿಮೆ ಮಾಡಿಸದೆ ಆಮೇಲೆ ಅತ್ತರೆ ಹೇಗೆ?

ಹೊಳೆ ದಂಡಿ · ಅಕ್ಟೋಬರ್ 16, ಬೆಳಿಗ್ಗೆ 10:30

ಮಾಡಿಸಿದ್ದೀನಿ ಸ್ವಾಮಿ, ಜುಲೈನಲ್ಲೇ. ಹೊಲ ಮುಳುಗಿದರೆ 72 ಗಂಟೆಯೊಳಗೆ ತಿಳಿಸಬೇಕು. ಆ 72 ಗಂಟೆಯಲ್ಲಿ ನಾನೆಲ್ಲಿದ್ದೆ ಗೊತ್ತಾ? ಕಾಳಜಿ ಕೇಂದ್ರದಲ್ಲಿ. ಕರೆಂಟ್ ಇಲ್ಲ, ಫೋನ್ ಸತ್ತಿದೆ, ಟವರ್ ಹೋಗಿದೆ. ಹೊಲ ನೀರೊಳಗೆ. ಮುಳುಗಿದ ಹೊಲದ ಫೋಟೊ ತೆಗೆಯೋಕೆ ದೋಣಿ ಬೇಕಿತ್ತು.

ಮಾಸ್ತರ್ · ಅಕ್ಟೋಬರ್ 16, ಮಧ್ಯಾಹ್ನ 1:20

72 ಗಂಟೆಯ ದಾರಿ ತಪ್ಪಿದರೆ ಉಳಿಯೋದು ಪಂಚಾಯ್ತಿ ಸರಾಸರಿಯ ದಾರಿ. ಅದು ಹೀಗೆ. ಹಿಂದಿನ ಏಳು ವರ್ಷಗಳಲ್ಲಿ ಚೆನ್ನಾಗಿ ಬಂದ ಐದು ವರ್ಷಗಳ ಸರಾಸರಿ ತಗೊಂಡು, ಅದರಲ್ಲಿ ಒಂದಿಷ್ಟು ಪಾಲನ್ನು ಮಟ್ಟ ಅಂತ ಇಡ್ತಾರೆ. ಈ ವರ್ಷ ಪಂಚಾಯ್ತಿಯ ಕೆಲವು ಹೊಲಗಳಲ್ಲಿ ಬೆಳೆ ಕೊಯ್ದು ತೂಗಿ ನೋಡ್ತಾರೆ. ಎಷ್ಟು ಕಡಿಮೆ ಬಂತೋ ಅಷ್ಟು ಪಾಲು ವಿಮೆ.

ಉದಾಹರಣೆಗೆ ಮಟ್ಟ 4 ಕ್ವಿಂಟಲ್, ಈ ವರ್ಷದ ಸರಾಸರಿ 3 ಅಂದ್ಕೊಳ್ಳಿ. ಕೊರತೆ ಕಾಲು ಭಾಗ, ಎಲ್ಲರಿಗೂ ವಿಮಾ ಮೊತ್ತದ ಶೇ 25. ಆದರೆ ದಂಡೆಯ ಹೊಲ ಪೂರ್ತಿ ಹೋಗಿದೆ, ದಿಬ್ಬದ ಮೇಲಿನ ಹೊಲ ಚೆನ್ನಾಗಿ ಬಂದಿದೆ. ಇಬ್ಬರಿಗೂ ಒಂದೇ ಪಾಲು. ಪಂಚಾಯ್ತಿಗೆ ಸರಿಯಾದ ಸಂಖ್ಯೆ ಎರಡು ಮನೆಗೂ ತಪ್ಪು. ಬರಗಾಲಕ್ಕೆ ಈ ಪದ್ಧತಿ ಪರವಾಗಿಲ್ಲ, ಬರ ಎಲ್ಲರ ಹೊಲಕ್ಕೂ ಒಂದೇ ಥರ ಬರುತ್ತೆ. ಹೊಳೆ ಹಾಗಲ್ಲ, ಬದು ನೋಡಿ ಬರುತ್ತೆ.

ಸುಮ್ನೆ ಓದೋನು · ಅಕ್ಟೋಬರ್ 16, ಮಧ್ಯಾಹ್ನ 1:48

ಒಪ್ಪಿದೆ. ಆದರೂ ಒಂದು ಕೇಳ್ತೀನಿ, ಬೈಬೇಡಿ. 2020ರಲ್ಲೂ ಮುಳುಗಿದ ಜಾಗದಲ್ಲಿ ಮತ್ತೆ ಇರೋದು ಯಾಕೆ? ಪ್ರತಿ ಸಲ ಕೊಡೋ ದುಡ್ಡು ಎಲ್ಲರ ತೆರಿಗೆಯಲ್ವಾ?

ಹೊಳೆ ದಂಡಿ · ಅಕ್ಟೋಬರ್ 16, ರಾತ್ರಿ 9:15

ಬೈಯಲ್ಲ. ಮಧ್ಯಾಹ್ನವೇ ಓದಿದೆ, ಸಿಟ್ಟು ಇಳಿಯಲಿ ಅಂತ ಈಗ ಬರೀತಿದ್ದೀನಿ.

2009ರ ನೆರೆ ಆದ ಮೇಲೆ ಆಸರೆ ಮನೆ ಅಂತ ಕಟ್ಟಿಸಿದ್ದು ನೆನಪಿದೆಯಾ? ನಮ್ಮ ಬೀಗರ ಊರಿಗೆ ಸಿಕ್ಕಿತ್ತು. ಮನೆ ಹೊಲದಿಂದ ದೂರ. ದನ ಕಟ್ಟೋಕೆ ಜಾಗ ಇಲ್ಲ, ಕಣ ಇಲ್ಲ, ಮೇವಿನ ಬಣವೆ ಒಟ್ಟೋಕೆ ಜಾಗ ಇಲ್ಲ. ಮುದುಕರು ಅಲ್ಲಿ, ದುಡಿಯೋರು ಹಳೇ ಊರಲ್ಲಿ. ಮನೆ ಎತ್ತಿಡಬಹುದು, ಹೊಲ ಎತ್ತಿಡೋಕೆ ಆಗುತ್ತಾ? ದಂಡೆಯ ಭೂಮಿ ಮುಳುಗದ ವರ್ಷ ಕೊಡೋ ಬೆಳೆ ದಿಬ್ಬದವರು ಕನಸಲ್ಲೂ ಕಾಣಲ್ಲ. ನಮ್ಮಜ್ಜ ಅದನ್ನು ಲೆಕ್ಕ ಹಾಕಿಯೇ ಇಲ್ಲಿ ಕೂತದ್ದು. ಅವನ ಲೆಕ್ಕದಲ್ಲಿ ಹೊಳೆ ಮಾತ್ರ ಇತ್ತು, ಮೇಲೊಂದು ಡ್ಯಾಮಿನ ಗೇಟು ಇರಲಿಲ್ಲ.

ಹಳೇ ಕಾರಕೂನ · ಅಕ್ಟೋಬರ್ 16, ರಾತ್ರಿ 9:40

ಕೊನೆಯ ಸಾಲಿಗೆ ನನ್ನದೊಂದು ಸಲಾಮ್.

ಗಂಜ್ ಹುಡುಗ · ಅಕ್ಟೋಬರ್ 16, ರಾತ್ರಿ 10:10

ಮಾಸ್ತರ್, ಒಂದು ಅನುಮಾನ. 2023ರ ಬರದಲ್ಲಿ ಪೇಪರಿನಲ್ಲಿ ಮೂರು ಬೇರೆ ಬೇರೆ ಸಂಖ್ಯೆ ಬಂದಿತ್ತು. ಯಾವುದು ನಿಜ?

ಮಾಸ್ತರ್ · ಅಕ್ಟೋಬರ್ 17, ಬೆಳಿಗ್ಗೆ 6:15

ಮೂರೂ ನಿಜ, ಮೂರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ. ಆ ವರ್ಷ ರಾಜ್ಯದ 223 ತಾಲೂಕು ಬರಪೀಡಿತ ಅಂತ ಘೋಷಣೆಯಾದವು. ರಾಜ್ಯ ಹೇಳಿದ ನಷ್ಟ 35,162 ಕೋಟಿ. ಅದು ಹಾಳಾದ ಬೆಳೆಗೆ ಹಾಕಿದ ಸಾಗುವಳಿ ಖರ್ಚಿನ ಲೆಕ್ಕ. ಕೇಂದ್ರಕ್ಕೆ ಕೇಳಿದ್ದು 18,171 ಕೋಟಿ. ಅದು ಕಾರಕೂನ ಸಾಹೇಬರು ಹೇಳಿದ ಮಾನದಂಡ ಇಟ್ಟುಕೊಂಡು ಮಾಡಿದ ಲೆಕ್ಕ. ರಾಜ್ಯ ಸುಪ್ರೀಂ ಕೋರ್ಟಿಗೆ ಹೋದ ಮೇಲೆ 2024ರ ಏಪ್ರಿಲ್‌ನಲ್ಲಿ ಬಂದದ್ದು 3,454 ಕೋಟಿ. ಬಿತ್ತಿದ್ದು ಜೂನ್‌ನಲ್ಲಿ, ದುಡ್ಡು ಬಂದದ್ದು ಮುಂದಿನ ಏಪ್ರಿಲ್‌ಗೆ. ನಡುವಿನ ಹತ್ತು ತಿಂಗಳು ರೈತ ಏನು ಮಾಡಿದ? ಸಾಲ ಮಾಡಿದ, ಇಲ್ಲವೇ ಪುಣೆಗೆ ಬಸ್ ಹತ್ತಿದ.

ಬರಕ್ಕೆ ಇನ್ನೊಂದು ಶಾಪ ಇದೆ. ನೆರೆಯ ಥರ ಅದಕ್ಕೆ ಫೋಟೊ ಇಲ್ಲ. ಹೆಲಿಕಾಪ್ಟರಿನಿಂದ ನೋಡಿದರೆ ಒಣಗಿದ ಹೊಲ ಮತ್ತು ಕೊಯ್ದ ಹೊಲ ಒಂದೇ ಥರ ಕಾಣುತ್ತೆ.

ಹೈನದ ಮನೆ · ಅಕ್ಟೋಬರ್ 17, ಬೆಳಿಗ್ಗೆ 6:50

ಸಾಲ ಅಂದಿರಲ್ಲ, ಬಡ್ಡಿ ಬರೀಬೇಕೋ ಬೇಡವೋ? ಇಲ್ಲಿ ಕೈಸಾಲ ನೂರಕ್ಕೆ ತಿಂಗಳಿಗೆ 3 ರೂಪಾಯಿ.

ಮಾಸ್ತರ್ · ಅಕ್ಟೋಬರ್ 17, ಬೆಳಿಗ್ಗೆ 7:00

ಇದೇ ನಾನು ಕಾಯ್ತಿದ್ದ ಪ್ರಶ್ನೆ. ಯಾರ ಲೆಕ್ಕ ಬರೀತಿದ್ದೀರಿ ಅನ್ನೋದರ ಮೇಲಿದೆ. ಇಡೀ ಜಿಲ್ಲೆಗೆ ಎಷ್ಟು ನಷ್ಟ ಅಂದರೆ ಬಡ್ಡಿ ಬರೋದಿಲ್ಲ, ಯಾಕಂದರೆ ನಿಮ್ಮ ಜೇಬಿನಿಂದ ಹೋದದ್ದು ಸಾವಕಾರನ ಜೇಬಿಗೆ ಬಂತು, ದುಡ್ಡು ಜಿಲ್ಲೆಯಲ್ಲೇ ಇದೆ. ನಿಮ್ಮ ಮನೆಗೆ ಎಷ್ಟು ನಷ್ಟ ಅಂದರೆ ಬಡ್ಡಿ ಬರಲೇಬೇಕು. ಗಾರೆಯವನಿಗೆ, ಮೋಟರ್ ರಿಪೇರಿಯವನಿಗೆ ನೆರೆ ಆದ ವರ್ಷ ಕೆಲಸ ಜಾಸ್ತಿ. ಹಾಗಾಗಿ ಜಿಲ್ಲೆಯ ವಹಿವಾಟು ನೋಡಿದರೆ ಕೆಲವೊಮ್ಮೆ ಏರಿದ ಹಾಗೇ ಕಾಣಿಸುತ್ತೆ. ಬಿದ್ದ ಗೋಡೆ ಯಾವ ಅಂಕಿಅಂಶದಲ್ಲೂ ಕಳೆದಿರಲ್ಲ, ಕಟ್ಟಿದ ಗೋಡೆ ಕೂಡಿರುತ್ತೆ. ಅದಕ್ಕೇ ನಾನು ಜಿಲ್ಲೆಯ ಸಂಖ್ಯೆಯನ್ನು ಒಂದೇ ನೋಡಿ ನಂಬಲ್ಲ.

ಹೊಳೆ ದಂಡಿ · ಅಕ್ಟೋಬರ್ 17, ರಾತ್ರಿ 8:45

ಹೊಸ ಹಾಳೆ ತಗೊಂಡು ಮತ್ತೆ ಬರೆದೆ. ಹೆಂಡತಿ ಪಕ್ಕದಲ್ಲಿ ಕೂತಿದ್ದಳು. ಅರ್ಧ ಅವಳೇ ಹೇಳಿದ್ದು.

ತೊಗರಿ 1,00,600. ಮೋಟರ್ ರಿಪೇರಿ 9,000. ಗೋಡೆ ಮೊದಲಿದ್ದ ಹಾಗೆ ಮಣ್ಣಿನಲ್ಲೇ ಕಟ್ಟಿದರೆ ಸಾಮಾನು 6,000, ನನ್ನ ಎಂಟು ದಿನದ ಕೆಲಸ 370ರಂತೆ 2,960. ಬ್ಲಾಕಿನ ಆಸೆ ಬಿಟ್ಟೆ, ಅದು ನಷ್ಟವಲ್ಲ, ನನ್ನ ಆಸೆ. ಮನೆಯಲ್ಲಿ ಹಾಳಾದ ಜೋಳ, ಬೇಳೆ, ಹಿಟ್ಟು ಸಂತೆಯ ಬೆಲೆಯಲ್ಲಿ 10,500. ಇಬ್ಬರ ಒಂಬತ್ತು ದಿನದ ಕೂಲಿ 6,660. ಇಲ್ಲಿಗೆ 1,35,720. ಇದರ ಕೆಳಗೆ ಗೆರೆ ಎಳೆದು "ಮನೆ ಲೆಕ್ಕ" ಅಂತ ಬರೆದು 50,000 ಕೈಸಾಲದ ಬಡ್ಡಿ, ತಿಂಗಳಿಗೆ 1,500ರಂತೆ, ಮುಂದಿನ ತೊಗರಿ ರಾಶಿ ಆಗೋವರೆಗೆ 15 ತಿಂಗಳಿಗೆ 22,500. ಎಲ್ಲಾ ಸೇರಿ 1,58,220. ಕಡಲೆ ಬಂದರೆ ಕಳೀಬೇಕು, ಆ ಸಾಲು ಖಾಲಿ ಬಿಟ್ಟಿದ್ದೀನಿ. ಪರಿಹಾರ 27,540 ಅಂತ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರೆದಿದ್ದೀನಿ, ಬಂದ ದಿನ ಪೆನ್ನಿನಲ್ಲಿ ಬರೀತೀನಿ.

ಮೊದಲಿನ 2,13,000ಕ್ಕಿಂತ ಕಡಿಮೆಯೇ ಆಯ್ತು. ತಮ್ಮನಿಗೆ ತೋರಿಸಿದೆ. ಈ ಸಲ ಏನೂ ಅನ್ನಲಿಲ್ಲ, ಬಡ್ಡಿಯ ಸಾಲಿನ ಮೇಲೆ ಬೆರಳಿಟ್ಟು ಸುಮ್ನೆ ಕೂತ. ಸಾಲಕ್ಕೆ ಅವನೇ ಜಾಮೀನು.

ಹತ್ತಿ ಹೊಲ · ಅಕ್ಟೋಬರ್ 17, ರಾತ್ರಿ 9:02

ಇದನ್ನು ನೋಡಿ ನಾನೂ ಬರೀತಿದ್ದೀನಿ ಅಣ್ಣಾ. ಲಾವಣಿ ಮುಂಗಡ ಯಾವ ಗೂಡಿಗೆ ಹಾಕಲಿ?

ಮಾಸ್ತರ್ · ಅಕ್ಟೋಬರ್ 17, ರಾತ್ರಿ 9:20

ಅದು ಬೀಜ ಗೊಬ್ಬರದ ಥರವೇ, ಬೆಳೆ ಬಂದಿದ್ದರೆ ಹತ್ತಿಯ ದುಡ್ಡಿನಲ್ಲೇ ತಿರುಗಿ ಬರ್ತಿತ್ತು. ಹತ್ತಿಯ ಬೆಲೆ ಬರೆದಿದ್ದರೆ ಮತ್ತೆ ಬರೀಬೇಡಿ.

ಹೈನದ ಮನೆ · ಅಕ್ಟೋಬರ್ 17, ರಾತ್ರಿ 9:31

ಹೊಳೆ ದಂಡಿ ಅಣ್ಣಾ, ತೊಗರಿ ಹೊಟ್ಟು ಬರೆದಿಲ್ಲವಲ್ಲ. ಕಟ್ಟಿಗೆಯೂ ಇಲ್ಲ. 4 ಎಕರೆ ಹೊಟ್ಟಿನಲ್ಲಿ ಬೇಸಿಗೆ ದಾಟಿಸ್ತಿದ್ದಿರಿ ತಾನೇ ದನಗಳನ್ನ?

ಹೊಳೆ ದಂಡಿ · ಅಕ್ಟೋಬರ್ 17, ರಾತ್ರಿ 9:38

ಅಯ್ಯೋ, ಹೌದಲ್ಲಾ. ಹೆಂಡತಿಯೂ ಮರೆತಿದ್ದಳು. ಕೊಳೆತ ಗಿಡ ಒಣಗಿದರೆ ಕಟ್ಟಿಗೆ ಒಂದಿಷ್ಟು ಸಿಗಬಹುದು, ಹೊಟ್ಟು ಮಾತ್ರ ಇಲ್ಲ. ಅಕ್ಕಾ, ನಿಮ್ಮ ಕಡೆ ಒಂದು ಟ್ರಾಲಿ ಹೊಟ್ಟಿಗೆ ಈಗ ಏನು ರೇಟು ನಡೀತಿದೆ?